ಸೆಕೆಂಡಿಗೆ 11.2 ಕಿಲೋಮೀಟರು ಅಂದರೆ ಎಷ್ಟು ಜೋರು?

(ಸಂಸ್ಥೆಯ ವಾರ್ಷಿಕ ಸಮಾವೇಶದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಗೋಕಾಕದ ಕರದಂಟಿನ ಅಂಗಡಿಗೆ ಹೋಗಿ "ಅರ್ಧ ಕೊಡ್ರಿ" ಎಂದರೆ ಅಂಗಡಿಯವರು ತಕ್ಷಣ "ಅರ್ಧ ಏನ್ರಿ? ಕೇಜಿನೋ, ಡಬ್ಬಿನೋ?" ಎಂದು ಕೇಳುತ್ತಾರೆ. ಏಕಮಾನವಿಲ್ಲದ ಸಂಖ್ಯೆಗೆ ಬೆಲೆ ಇಲ್ಲವೆಂದು ಅವರಿಗೆ ಗೊತ್ತು. ಆದರೆ ಪರೀಕ್ಷೆಯ ಕೊಠಡಿಯೊಳಗೆ ಹೋದ ಕೂಡಲೇ ನಾವು ಈ ಬುದ್ಧಿಯನ್ನು ಬಾಗಿಲ ಹೊರಗೆ ಬಿಟ್ಟು ಹೋಗುತ್ತೇವೆ. ಇಂದಿನ ನನ್ನ ಮಾತು ಇದರ ಬಗ್ಗೆಯೇ. ಉದಾಹರಣೆಗೆ ನಾನು ಆರಿಸಿಕೊಂಡಿರುವುದು ನೀವೆಲ್ಲ ಬಾಯಿಪಾಠ ಮಾಡಿರುವ ಒಂದು ಸಂಖ್ಯೆಯನ್ನು. ಭೂಮಿಯ ವಿಮೋಚನಾ ವೇಗ ಎಷ್ಟು? ಸೆಕೆಂಡಿಗೆ 11.2 ಕಿಲೋಮೀಟರು. ಎಲ್ಲರಿಗೂ ಬರುತ್ತದೆ. ಆದರೆ ಅದು ಎಷ್ಟು ಜೋರು ಎಂದು ಕೇಳಿದರೆ ಸಭೆ ಸುಮ್ಮನಾಗುತ್ತದೆ.

ಮೊದಲು ಅದರ ಅರ್ಥ ನೋಡೋಣ. ಒಂದು ಕಲ್ಲನ್ನು ಮೇಲಕ್ಕೆ ಎಸೆದರೆ ಅದು ಸ್ವಲ್ಪ ಏರಿ ಕೆಳಗೆ ಬೀಳುತ್ತದೆ. ಇನ್ನೂ ಜೋರಾಗಿ ಎಸೆದರೆ ಇನ್ನೂ ಎತ್ತರಕ್ಕೆ ಹೋಗಿ ಬೀಳುತ್ತದೆ. ಎಷ್ಟು ಜೋರಾಗಿ ಎಸೆದರೆ ಅದು ಮರಳಿ ಬರುವುದೇ ಇಲ್ಲವೋ ಆ ವೇಗವೇ ವಿಮೋಚನಾ ವೇಗ. ಗಾಳಿಯ ತಡೆಯನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಸೆದ ಮೇಲೆ ಹಿಂದಿನಿಂದ ತಳ್ಳುವ ಎಂಜಿನ್ನೂ ಇರುವುದಿಲ್ಲ. ಎಸೆಯುವ ವಸ್ತು ಕರದಂಟಿನ ಡಬ್ಬಿಯಾಗಲಿ, ಲಾರಿಯಾಗಲಿ, ಬೇಕಾದ ವೇಗ ಒಂದೇ. ಬೇಕಾಗುವ ಶಕ್ತಿ ಮಾತ್ರ ತೂಕಕ್ಕೆ ತಕ್ಕಂತೆ ಹೆಚ್ಚುತ್ತದೆ.

ಈಗ ಪರಿವರ್ತನೆ. ಒಂದು ಗಂಟೆಗೆ 60 ನಿಮಿಷ, ಒಂದು ನಿಮಿಷಕ್ಕೆ 60 ಸೆಕೆಂಡು. ಅಂದರೆ ಗಂಟೆಗೆ 3,600 ಸೆಕೆಂಡು. ಒಂದು ಸೆಕೆಂಡಿನಲ್ಲಿ 11.2 ಕಿಲೋಮೀಟರು ಹೋಗುವ ವಸ್ತು ಒಂದು ಗಂಟೆಯಲ್ಲಿ ಅದರ 3,600 ಪಟ್ಟು ಹೋಗುತ್ತದೆ. ಗುಣಿಸಿದರೆ 40,320 ಕಿಲೋಮೀಟರು. ಇಲ್ಲಿ ಒಂದು ಪ್ರಾಮಾಣಿಕತೆ ಬೇಕು. 11.2 ಎಂಬುದು ದುಂಡು ಮಾಡಿದ ಸಂಖ್ಯೆ. ಇನ್ನಷ್ಟು ನಿಖರವಾಗಿ ಹೇಳಿದರೆ ಅದು 11.186. ಅದನ್ನು 3,600ರಿಂದ ಗುಣಿಸಿದರೆ ಸುಮಾರು 40,270 ಬರುತ್ತದೆ. ಕೊಟ್ಟ ಸಂಖ್ಯೆಯಲ್ಲಿ ಮೂರೇ ಅಂಕಿ ಇದ್ದಾಗ ಉತ್ತರದಲ್ಲಿ ಐದು ಅಂಕಿ ಬರೆದು ನಿಖರತೆಯ ನಟನೆ ಮಾಡಬಾರದು. "ಗಂಟೆಗೆ ಸುಮಾರು 40,000 ಕಿಲೋಮೀಟರು" ಎಂದರೆ ಮಾತಿಗೆ ಸಾಕು.

ಸೆಕೆಂಡಿಗೆ ಇಷ್ಟು ಮೀಟರು ಎಂದು ಕೊಟ್ಟಿದ್ದರೆ 18ರಿಂದ ಗುಣಿಸಿ 5ರಿಂದ ಭಾಗಿಸಿ ಎಂದು ನಿಮಗೆ ಕಲಿಸಿದ್ದಾರೆ. ಯಾಕೆ ಎಂದು ಕೇಳಿಕೊಂಡಿದ್ದೀರಾ? 3,600 ಸೆಕೆಂಡನ್ನು 1,000 ಮೀಟರಿನಿಂದ ಭಾಗಿಸಿದರೆ 3.6. ಅದೇ ಐದನೇ ಹದಿನೆಂಟು. ಕಾರಣ ಗೊತ್ತಿದ್ದವನು ಸೂತ್ರ ಮರೆತರೂ ದಾರಿ ಕಾಣುತ್ತಾನೆ.

ನಮ್ಮ ಅಜ್ಜಂದಿರ ಕಾಲದಲ್ಲಿ ದಾರಿಯನ್ನು ಮೈಲಿಯಲ್ಲಿ, ಅದಕ್ಕೂ ಹಿಂದೆ ಹರದಾರಿಯಲ್ಲಿ ಅಳೆಯುತ್ತಿದ್ದರು. ಸುಮಾರು ಮೂರು ಮೈಲಿಗೆ ಒಂದು ಹರದಾರಿ. ವಿಮೋಚನಾ ವೇಗ ಸೆಕೆಂಡಿಗೆ ಸುಮಾರು 7 ಮೈಲಿ, ಗಂಟೆಗೆ ಸುಮಾರು 25,000 ಮೈಲಿ. ಅಜ್ಜನಿಗೆ ಹೇಳುವುದಾದರೆ ಸೆಕೆಂಡಿಗೆ ಎರಡು ಹರದಾರಿಗಿಂತ ಸ್ವಲ್ಪ ಹೆಚ್ಚು. ಸಂಖ್ಯೆಗಳು ಬೇರೆ ಬೇರೆ, ವೇಗ ಒಂದೇ.

ಈಗ ಇದನ್ನು ನಮ್ಮ ರಸ್ತೆಗೆ ತರೋಣ. ಕಬ್ಬಿನ ಹಂಗಾಮಿನಲ್ಲಿ ಮೂಡಲಗಿಯ ದಾರಿಯಲ್ಲಿ ಎರಡು ಟ್ರೇಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರಿನ ಹಿಂದೆ ನೀವೆಲ್ಲ ಸಿಕ್ಕಿಕೊಂಡಿದ್ದೀರಿ. ಅದರ ವೇಗ ಗಂಟೆಗೆ 20 ಕಿಲೋಮೀಟರು ಎಂದು ಹಿಡಿಯಿರಿ. ವಿಮೋಚನಾ ವೇಗ ಅದರ 2,000 ಪಟ್ಟು. ಗಂಟೆಗೆ 60 ಕಿಲೋಮೀಟರಿನ ಬಸ್ಸಿಗೆ ಹೋಲಿಸಿದರೆ 670 ಪಟ್ಟು. ಗಂಟೆಗೆ 900 ಕಿಲೋಮೀಟರು ಹಾರುವ ವಿಮಾನಕ್ಕೆ ಹೋಲಿಸಿದರೆ ಸುಮಾರು 45 ಪಟ್ಟು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುತ್ತದೆ. ಅದಕ್ಕೆ ಹೋಲಿಸಿದರೆ 33 ಪಟ್ಟು.

ಹುಕ್ಕೇರಿಯಿಂದ ಗೋಕಾಕಕ್ಕೆ, ಗೋಕಾಕದಿಂದ ಮೂಡಲಗಿಗೆ ನಕಾಶೆಯ ಮೇಲೆ ನೇರ ಗೆರೆ ಎಳೆದರೆ ಒಂದೊಂದು ಗೆರೆಯೂ ಹೆಚ್ಚುಕಡಿಮೆ 25 ಕಿಲೋಮೀಟರು. ರಸ್ತೆಯ ದಾರಿ ಇದಕ್ಕಿಂತ ದೂರ, ಆ ಮಾತು ಬೇರೆ. ಈ ವೇಗದಲ್ಲಿ ಹೊರಟರೆ ಹುಕ್ಕೇರಿಯಿಂದ ಗೋಕಾಕದ ಮೇಲೆ ಹಾಯ್ದು ಮೂಡಲಗಿ ಮುಟ್ಟಲು ನಾಲ್ಕೈದು ಸೆಕೆಂಡು ಸಾಕು. "ಬಿಸ್ಮಿಲ್ಲಾ" ಎಂದು ಸೀಟಿನಲ್ಲಿ ಸರಿಯಾಗಿ ಕೂಡುವುದರೊಳಗೆ ಊರು ದಾಟಿರುತ್ತದೆ. ಬೆಳಗಾವಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 500 ಕಿಲೋಮೀಟರು. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋಗುವ ದಾರಿ 45 ಸೆಕೆಂಡಿಗೆ ಮುಗಿಯುತ್ತದೆ.

ಇನ್ನೊಂದು ಹೋಲಿಕೆಯನ್ನು ಮಾತ್ರ ಮರೆಯಬೇಡಿ. ಸಮಭಾಜಕ ವೃತ್ತದ ಮೇಲೆ ಭೂಮಿಯ ಸುತ್ತಳತೆ 40,075 ಕಿಲೋಮೀಟರು. ವಿಮೋಚನಾ ವೇಗ ಗಂಟೆಗೆ 40,270 ಕಿಲೋಮೀಟರು. ಅಂದರೆ ಇಡೀ ಭೂಮಿಯ ಸುತ್ತಳತೆಯಷ್ಟು ದೂರ ಒಂದು ಗಂಟೆಯಲ್ಲಿ! ಇದು ಬರೀ ಕಾಕತಾಳೀಯ, ಆದರೆ ನೆನಪಿಟ್ಟುಕೊಳ್ಳಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಈ ಸಂಖ್ಯೆ ಬಂದದ್ದು ಎಲ್ಲಿಂದ? ಅದನ್ನು ತಿಳಿಯಲು ಅಮೆರಿಕೆಗೆ ಹೋಗಬೇಕಾಗಿಲ್ಲ, ಗೋಕಾಕ ಫಾಲ್ಸಿಗೆ ಹೋದರೆ ಸಾಕು. ಘಟಪ್ರಭೆ ಅಲ್ಲಿ ಸುಮಾರು 52 ಮೀಟರು ಕೆಳಗೆ ಧುಮುಕುತ್ತಾಳೆ. ಬೀಳುವ ವಸ್ತುವಿನ ವೇಗದ ಸೂತ್ರ ನಿಮಗೆ ಗೊತ್ತಿದೆ: 2ನ್ನು ಗುರುತ್ವ ವೇಗೋತ್ಕರ್ಷದಿಂದಲೂ ಎತ್ತರದಿಂದಲೂ ಗುಣಿಸಿ, ವರ್ಗಮೂಲ ತೆಗೆಯಿರಿ. 2 × 9.8 × 52 ಅಂದರೆ ಸುಮಾರು 1,019. ಅದರ ವರ್ಗಮೂಲ ಸುಮಾರು 32. ಗಾಳಿಯ ತಡೆ ಬಿಟ್ಟರೆ ನೀರು ತಳ ಮುಟ್ಟುವಾಗ ಸೆಕೆಂಡಿಗೆ 32 ಮೀಟರು, ಅಂದರೆ ಗಂಟೆಗೆ 115 ಕಿಲೋಮೀಟರು ವೇಗದಲ್ಲಿರುತ್ತದೆ. ಹೆದ್ದಾರಿಯಲ್ಲಿ ಓಡುವ ಕಾರಿನಷ್ಟು.

ಈ ಲೆಕ್ಕವನ್ನು ತಿರುಗಿಸಿ ನೋಡಿ. ತಳದಲ್ಲಿ ನಿಂತು ಒಂದು ಕಲ್ಲನ್ನು ಧಬಧಬೆಯ ನೆತ್ತಿಯವರೆಗೆ ಮುಟ್ಟಿಸಬೇಕಾದರೆ ಅದೇ ಗಂಟೆಗೆ 115 ಕಿಲೋಮೀಟರು ವೇಗದಲ್ಲಿ ಎಸೆಯಬೇಕು. ಗಂಟೆಗೆ 144 ಕಿಲೋಮೀಟರು ವೇಗದ ಬೌಲರ್ ಚೆಂಡನ್ನು ನೇರ ಮೇಲಕ್ಕೆ ಎಸೆದರೆ, ಅಂದರೆ ಸೆಕೆಂಡಿಗೆ 40 ಮೀಟರು, ಅದು ಸುಮಾರು 82 ಮೀಟರು ಏರಿ ಮರಳುತ್ತದೆ. ಮರಳದೇ ಹೋಗಬೇಕಾದರೆ? ಅವನು 280 ಪಟ್ಟು ಜೋರಾಗಿ ಎಸೆಯಬೇಕು.

ಆ 280 ಪಟ್ಟು ಬರುವುದು ಹೀಗೆ. ಭೂಮಿಯ ಎಳೆತ ಮೇಲೆ ಹೋದಂತೆಲ್ಲ ಕಡಿಮೆಯಾಗುತ್ತದೆ. ಅದನ್ನು ಲೆಕ್ಕ ಹಾಕಿದರೆ ಒಂದು ಸೋಜಿಗದ ಉತ್ತರ ಸಿಗುತ್ತದೆ. ಭೂಮಿಯಿಂದ ಪೂರ್ತಿ ಬಿಡಿಸಿಕೊಳ್ಳಲು ಬೇಕಾದ ಒಟ್ಟು ಕೆಲಸ, ಎಳೆತ ಎಲ್ಲಿಯೂ ಕಡಿಮೆಯಾಗದೆ ಇಲ್ಲಿರುವಷ್ಟೇ ಇದ್ದಿದ್ದರೆ ಭೂಮಿಯ ಒಂದು ತ್ರಿಜ್ಯದಷ್ಟು ಎತ್ತರಕ್ಕೆ ಏರಿಸಲು ಬೇಕಾಗುತ್ತಿದ್ದ ಕೆಲಸಕ್ಕೆ ಸರಿಸಮ. ಹಾಗಾದರೆ ಗೋಕಾಕ ಫಾಲ್ಸಿನ ಸೂತ್ರವೇ ಸಾಕು. 52 ಮೀಟರು ಬರೆದಲ್ಲಿ ಭೂಮಿಯ ತ್ರಿಜ್ಯ 63,71,000 ಮೀಟರು ಬರೆಯಿರಿ. 2 × 9.8 × 63,71,000, ಅದರ ವರ್ಗಮೂಲ ಸುಮಾರು 11,175. ಸೆಕೆಂಡಿಗೆ 11,175 ಮೀಟರು, ಅಂದರೆ 11.2 ಕಿಲೋಮೀಟರು. ರಾಕೆಟ್ಟಿನ ಸೂತ್ರ ನಮ್ಮ ಊರಿನ ಧಬಧಬೆಯೊಳಗೇ ಇದೆ.

ಇಲ್ಲಿ ಒಂದು ಅನುಭವ ಹೇಳಬೇಕು. ಪಿಯುಸಿಗೆ ಭೌತಶಾಸ್ತ್ರ ಕಲಿಸುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ಕಿರುಪರೀಕ್ಷೆಯ ಉತ್ತರ ಪತ್ರಿಕೆ ಹಿಡಿದು ಬಂದಳು. ಎಸ್ಸೆಸ್ಸೆಲ್ಸಿವರೆಗೆ ಉರ್ದು ಮಾಧ್ಯಮದಲ್ಲಿ ಓದಿದವಳು, ಮೂಡಲಗಿ ಕಡೆಯ ಹಳ್ಳಿಯವಳು. "ಸರ್, ಸೂತ್ರ ಸರಿ ಐತಿ, ಗುಣಾಕಾರ ಸರಿ ಐತಿ, ಮಾರ್ಕ್ಸ್ ಯಾಕ ಇಲ್ರಿ?" ಎಂದು ಕೇಳಿದಳು. ಆಕೆಯ ಉತ್ತರ 353 ಎಂದಿತ್ತು. ಮುಂದೆ ಏನೂ ಬರೆದಿರಲಿಲ್ಲ. ಸೈನ್ಸ್ ಬಿಟ್ಟು ಆರ್ಟ್ಸ್‌ಗೆ ಹೋಗುತ್ತೇನೆ ಎಂದು ಮನೆಯಲ್ಲಿ ಆಗಲೇ ಹೇಳಿಯಾಗಿತ್ತು.

"353 ಏನು ಬೇಟಾ?" ಎಂದೆ. "ಸೆಕೆಂಡಿಗೆ ಮೀಟರ್ ಸರ್" ಎಂದಳು. "ಶಬ್ದದ ವೇಗ ಎಷ್ಟು?" "340 ಸರ್." ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ಆಮೇಲೆ ತಾನೇ ನಕ್ಕು, "ಹಂಗಾದ್ರ ಬಂದೂಕಿನ ಗುಂಡು ಎಲ್ಲಾ ಭೂಮಿ ಬಿಟ್ಟು ಹೋಗಬೇಕಿತ್ತಲ್ರಿ ಸರ್!" ಎಂದಳು. ರೈಫಲ್ಲಿನ ಗುಂಡು ಸೆಕೆಂಡಿಗೆ 700 ಮೀಟರಿಗೂ ಮೀರಿ ಹೋಗುತ್ತದೆ. ಆದರೂ ಅದು ಮರಳಿ ಭೂಮಿಗೇ ಬೀಳುತ್ತದೆ. ತಪ್ಪು ಎಲ್ಲಾಗಿದೆ ಎಂದು ಆಕೆ ತಾನೇ ಹುಡುಕಿದಳು. ತ್ರಿಜ್ಯವನ್ನು ಕಿಲೋಮೀಟರಿನಲ್ಲಿ, 6,371 ಎಂದು ಬರೆದಿದ್ದಳು. 9.8 ಮಾತ್ರ ಮೀಟರಿನಲ್ಲಿತ್ತು. ಒಂದೇ ಸಾಲಿನಲ್ಲಿ ಎರಡು ಏಕಮಾನ ಬೆರೆತು, ಉತ್ತರ ಸಾವಿರದ ವರ್ಗಮೂಲದಷ್ಟು, ಅಂದರೆ ಸುಮಾರು 32 ಪಟ್ಟು ಕಡಿಮೆಯಾಗಿತ್ತು.

ಗಮನಿಸಿ, ತಪ್ಪನ್ನು ತೋರಿಸಿದ್ದು ನಾನಲ್ಲ, ಆಕೆಗೆ ಮೊದಲೇ ಗೊತ್ತಿದ್ದ ಇನ್ನೊಂದು ವೇಗ. ಅದಕ್ಕೇ ನಾನು ಹೇಳುವುದು: ಉತ್ತರ ಬಂದ ಮೇಲೆ ಅದನ್ನು ನಿಮಗೆ ಪರಿಚಯದ ಏಕಮಾನಕ್ಕೆ ತಿರುಗಿಸಿ, ಬಸ್ಸಿಗೋ ಶಬ್ದಕ್ಕೋ ಹೋಲಿಸಿ, ನಂಬಲು ಸಾಧ್ಯವೇ ಎಂದು ಕೇಳಿ. ಇದಕ್ಕೆ ಅರ್ಧ ನಿಮಿಷ ಸಾಕು. ಆ ಹುಡುಗಿ ಸೈನ್ಸ್ ಬಿಡಲಿಲ್ಲ. ಈಗ ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುತ್ತಾಳೆ.

ಹೋಲಿಕೆ ಮಾಡುವಾಗ ಒಂದು ಎಚ್ಚರವೂ ಬೇಕು. ಚಂದ್ರ ಸರಾಸರಿ 3,84,400 ಕಿಲೋಮೀಟರು ದೂರದಲ್ಲಿದ್ದಾನೆ. 40,270ರಿಂದ ಭಾಗಿಸಿದರೆ ಒಂಬತ್ತೂವರೆ ಗಂಟೆ ಬರುತ್ತದೆ. ಆದರೆ 1969ರ ಜುಲೈ 16ರಂದು ಹೊರಟ ಅಪೋಲೋ 11 ಚಂದ್ರನ ಕಕ್ಷೆ ಸೇರಿದ್ದು ಜುಲೈ 19ರಂದು. ಯಾಕೆಂದರೆ ಭೂಮಿ ಹಿಂದಿನಿಂದ ಎಳೆಯುತ್ತಲೇ ಇರುತ್ತದೆ, ವೇಗ ಇಳಿಯುತ್ತಲೇ ಹೋಗುತ್ತದೆ. ವಿಮೋಚನಾ ವೇಗ ಹೊರಡುವ ಕ್ಷಣದ ವೇಗ, ದಾರಿಯುದ್ದಕ್ಕೂ ಇರುವ ವೇಗವಲ್ಲ.

ಈ ವೇಗವನ್ನು ಒಂದೇ ಏಟಿಗೆ ಕೊಡಬೇಕೆಂದೂ ಇಲ್ಲ. ಡಾ. ಎ.ಪಿ.ಜೆ. ಅಬ್ದುಲ್ ಕಲಾಮರು ನಿರ್ದೇಶಕರಾಗಿದ್ದ ಎಸ್‌ಎಲ್‌ವಿ-3 ಯೋಜನೆ 1979ರ ಆಗಸ್ಟಿನಲ್ಲಿ ವಿಫಲವಾಗಿ, 1980ರ ಜುಲೈ 18ರಂದು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ಸುತ್ತಲು ಸೆಕೆಂಡಿಗೆ ಸುಮಾರು 7.9 ಕಿಲೋಮೀಟರು, ಗಂಟೆಗೆ ಸುಮಾರು 28,400 ಕಿಲೋಮೀಟರು ಬೇಕು. ಬಿಟ್ಟು ಹೋಗಲು ಅದರ 1.414 ಪಟ್ಟು.

ಆ ಬಿಟ್ಟು ಹೋಗುವ ಕೆಲಸವನ್ನು ನಮ್ಮ ದೇಶ 2013ರಲ್ಲಿ ಮಂಗಳಯಾನದಲ್ಲಿ ಮಾಡಿತು. ನವೆಂಬರ್ 5ರಂದು ಶ್ರೀಹರಿಕೋಟಾದಿಂದ ಹಾರಿದ ನೌಕೆ ಮೊದಲು ಭೂಮಿಯನ್ನೇ ಸುತ್ತಿತು. ಎಂಜಿನ್ನನ್ನು ಮತ್ತೆ ಮತ್ತೆ ಹೊತ್ತಿಸಿ ಕಕ್ಷೆಯನ್ನು ಹಿಗ್ಗಿಸುತ್ತ ಹೋದರು. ನಿಯಂತ್ರಣ ನಡೆದದ್ದು ಬೆಂಗಳೂರಿನ ಪೀಣ್ಯದಿಂದ. ನೌಕೆ ದೂರ ಹೋದ ಮೇಲೆ ಅದರ ಮಾತು ಕೇಳಿಸಿಕೊಂಡದ್ದು ಬೆಂಗಳೂರಿನ ಹತ್ತಿರದ ಬ್ಯಾಲಾಳಿನ 32 ಮೀಟರು ಅಗಲದ ಆಂಟೆನಾ. ನವೆಂಬರ್ 11ರಂದು ಸೆಕೆಂಡಿಗೆ 130 ಮೀಟರು ವೇಗ ಹೆಚ್ಚಿಸಬೇಕಾಗಿತ್ತು, ಹೆಚ್ಚಿದ್ದು 35 ಮಾತ್ರ. ನಮ್ಮ ಲೆಕ್ಕದಲ್ಲಿ ಗಂಟೆಗೆ 468 ಬೇಕಾದಲ್ಲಿ 126 ಕಿಲೋಮೀಟರು, ಹೆಚ್ಚುಕಡಿಮೆ ಗೋಕಾಕ ಫಾಲ್ಸಿನ ನೀರಿನ ವೇಗ. ಮರುದಿನವೇ ಮತ್ತೆ ಎಂಜಿನ್ ಹೊತ್ತಿಸಿ ಕೊರತೆ ತುಂಬಿದರು. ಡಿಸೆಂಬರ್ 1ರ ನಸುಕಿನಲ್ಲಿ ಸುಮಾರು 22 ನಿಮಿಷ ಎಂಜಿನ್ ಉರಿಸಿ ಸೆಕೆಂಡಿಗೆ 648 ಮೀಟರು, ಅಂದರೆ ಗಂಟೆಗೆ ಸುಮಾರು 2,330 ಕಿಲೋಮೀಟರು ಸೇರಿಸಿದಾಗ ನೌಕೆ ಭೂಮಿಯ ಹಿಡಿತ ಬಿಡಿಸಿಕೊಂಡಿತು. 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿತು.

ಏಕಮಾನ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಮಂಗಳನೇ ಸಾಕ್ಷಿ. ಅಮೆರಿಕದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರ್ 23ರಂದು ಕಳೆದುಹೋಯಿತು. ಒಂದು ತಂಡದ ಲೆಕ್ಕ ಪೌಂಡಿನಲ್ಲಿ, ಇನ್ನೊಂದು ತಂಡ ಅದನ್ನು ಓದಿದ್ದು ನ್ಯೂಟನ್ನಿನಲ್ಲಿ. ಎರಡರ ನಡುವೆ 4.45 ಪಟ್ಟು ವ್ಯತ್ಯಾಸ. ಮಂಗಳನ ಮೇಲೆ 226 ಕಿಲೋಮೀಟರು ಎತ್ತರದಲ್ಲಿ ಹಾಯಬೇಕಾದ ನೌಕೆ ಸುಮಾರು 57 ಕಿಲೋಮೀಟರಿಗೆ ಇಳಿದುಹೋಗಿತ್ತು. ಅಲ್ಲಿ ಗುಣಾಕಾರ ಬಾರದವರು ಯಾರೂ ಇರಲಿಲ್ಲ. "ಇದು ಯಾವ ಏಕಮಾನ?" ಎಂದು ಕೇಳುವುದು ತಪ್ಪಿತ್ತು, ಅಷ್ಟೇ.

ನಾವು ಬಳಸಿದ ಭೂಮಿಯ ತ್ರಿಜ್ಯವನ್ನೇ ತೆಗೆದುಕೊಳ್ಳಿ. ಒಂಬತ್ತನೇ ಶತಮಾನದಲ್ಲಿ ಖಲೀಫ ಅಲ್ ಮಾಮೂನ್ ಕಾಲದ ವಿದ್ವಾಂಸರು ಬಯಲಿನಲ್ಲಿ ನಡೆದು ಭೂಮಿಯನ್ನು ಅಳೆದರು. ಹನ್ನೊಂದನೇ ಶತಮಾನದಲ್ಲಿ ಅಲ್ ಬಿರೂನಿ, ಈಗ ಪಾಕಿಸ್ತಾನದಲ್ಲಿರುವ ನಂದನ ಕೋಟೆಯ ಬಳಿ ಒಂದು ಬೆಟ್ಟದ ಎತ್ತರ ಅಳೆದು, ಅದರ ಮೇಲಿಂದ ದಿಗಂತ ಎಷ್ಟು ಕೆಳಗೆ ಕಾಣುತ್ತದೆ ಎಂಬ ಕೋನದಿಂದ ಭೂಮಿಯ ತ್ರಿಜ್ಯ ತೆಗೆದರು. ಅವರ ಉತ್ತರ ಮೊಳಗಳಲ್ಲಿದೆ. ಆ ಮೊಳ ಎಷ್ಟು ಉದ್ದ ಎಂಬುದರ ಮೇಲೆಯೇ ಇಂದಿನ ಕಿಲೋಮೀಟರಿನ ಉತ್ತರ ನಿಂತಿದೆ. ಅಲ್ ಫರ್ಗಾನಿ ಬರೆದಿಟ್ಟ ಅಳತೆ ಅರಬ್ಬಿ ಮೈಲಿಯಲ್ಲಿತ್ತು. ಕೊಲಂಬಸ್ ಅದನ್ನು ಅದಕ್ಕಿಂತ ಗಿಡ್ಡವಾದ ರೋಮನ್ ಮೈಲಿ ಎಂದು ತಿಳಿದು ಭೂಮಿಯನ್ನು ಬಹಳ ಚಿಕ್ಕದು ಮಾಡಿಕೊಂಡ. ಅದಕ್ಕೇ 1492ರಲ್ಲಿ ಪಶ್ಚಿಮಕ್ಕೆ ಹೋದರೆ ಏಷ್ಯಾ ಹತ್ತಿರ ಎಂದು ಹೊರಟ. ಅಳೆದವರದು ತಪ್ಪಲ್ಲ, ಓದಿಕೊಂಡವನು ಏಕಮಾನ ಬದಲಿಸಿದ್ದು ತಪ್ಪು.

ಇದು ಬಾಹ್ಯಾಕಾಶದ ಮಾತು, ನಮಗೇಕೆ ಎನ್ನುವವರಿಗೆ ಒಂದು ಮಾತು. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕದ ಮನೆಗಳಿಗೆ ನುಗ್ಗಿದ್ದನ್ನು ನೀವು ಮರೆತಿಲ್ಲ. ಮಳೆಗಾಲ ಬಂದರೆ ಹಿಡಕಲ್ ಜಲಾಶಯದಿಂದ ಇಷ್ಟು ಕ್ಯೂಸೆಕ್ ನೀರು ಬಿಟ್ಟಿದ್ದಾರೆ ಎಂದು ಸುದ್ದಿ ಬರುತ್ತದೆ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರು. ಒಂದು ಲಕ್ಷ ಕ್ಯೂಸೆಕ್ ಎಂದು ಹಿಡಿದರೆ ಪ್ರತಿ ಸೆಕೆಂಡಿಗೆ 28 ಲಕ್ಷ ಲೀಟರು, ಹತ್ತು ಸಾವಿರ ಲೀಟರಿನ 283 ಟ್ಯಾಂಕರುಗಳಷ್ಟು. ಅದೇ ಲೆಕ್ಕದಲ್ಲಿ ಮೂರು ಗಂಟೆಯೊಳಗೆ ಒಂದು ಟಿಎಂಸಿ ನೀರು ಹರಿದುಹೋಗುತ್ತದೆ. ಹೀಗೆ ತಿರುಗಿಸಿ ನೋಡಿದವನು "ಇನ್ನೂ ನೋಡೋಣ" ಎಂದು ಹೊಳೆದಂಡೆಯ ಮನೆಯಲ್ಲಿ ಕೂಡುವುದಿಲ್ಲ. ಮಕ್ಕಳನ್ನು, ದನಕರುಗಳನ್ನು ಕರೆದುಕೊಂಡು ಹೊತ್ತಿಗೆ ಮುಂಚೆ ಹೊರಡುತ್ತಾನೆ.

ಅಳತೆ ನಮಗೆ ಈಮಾನಿನ ವಿಷಯವೂ ಹೌದು. ಅಳತೆ ತೂಕದಲ್ಲಿ ಮೋಸ ಮಾಡುವವರನ್ನು ಎಚ್ಚರಿಸುವ, ಅವರ ಹೆಸರಿನಲ್ಲೇ ಇರುವ ಒಂದು ಅಧ್ಯಾಯ, ಅಲ್ ಮುತಫ್ಫಿಫೀನ್, ಪವಿತ್ರ ಕುರ್‌ಆನಿನಲ್ಲಿದೆ. ತಕ್ಕಡಿಯಲ್ಲಿ ಪ್ರಾಮಾಣಿಕತೆ ಬೇಕಾದಂತೆ ಉತ್ತರ ಪತ್ರಿಕೆಯಲ್ಲೂ ಬೇಕು ಎಂದು ನಾನು ತಿಳಿದಿದ್ದೇನೆ.

ಕೊನೆಯದಾಗಿ ವಿದ್ಯಾರ್ಥಿಗಳೇ, ನಮ್ಮ ಮಕ್ಕಳ ಒಂದು ಅಂಜಿಕೆ ನನಗೆ ಗೊತ್ತಿದೆ. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ, ಪಿಯುಸಿ ಪುಸ್ತಕದಲ್ಲಿ ಇಂಗ್ಲಿಷು. "ಸೈನ್ಸ್ ನಮ್ಮಂಥವರಿಗಲ್ಲ" ಎಂದು ಮೊದಲ ಕಿರುಪರೀಕ್ಷೆಗೇ ಕೈಬಿಡುತ್ತಾರೆ. ಆದರೆ ಯೋಚಿಸಿ. ಅಮ್ಮಿ ಹೇಳಿದ್ದನ್ನು ಅಂಗಡಿಯಲ್ಲಿ ಕನ್ನಡದಲ್ಲಿ ಕೇಳಿ, ಚೀಟಿಯ ಮೇಲಿನ ಇಂಗ್ಲಿಷ್ ಓದಿ, ಸಾಮಾನು ತಪ್ಪದೆ ತರುತ್ತೀರಲ್ಲವೇ? ರಫ್ತಾರ್ ಎನ್ನಿ, ವೇಗ ಎನ್ನಿ, ಸ್ಪೀಡ್ ಎನ್ನಿ, ಓಡುವುದು ಅದೇ ಬಂಡಿ. ಏಕಮಾನದ ಪರಿವರ್ತನೆಯೂ ಹೀಗೆಯೇ. ಅರ್ಥ ಕೆಡದಂತೆ ಹೆಸರು ಬದಲಿಸುವ ಈ ಕೆಲಸವನ್ನು ನೀವು ದಿನಾಲೂ ಮಾಡುತ್ತಿದ್ದೀರಿ.

ಸಂಸ್ಥೆಯ ಹಿರಿಯರಲ್ಲಿ ನನ್ನ ಒಂದು ಕೋರಿಕೆ. ಮೆರಿಟ್ ಬಂದ ಮಕ್ಕಳಿಗೆ ಶಾಲು ಹೊದಿಸಿ ಬಹುಮಾನ ಕೊಡುವುದು ಸಂತೋಷದ ಕೆಲಸ, ಅದು ನಡೆಯಲಿ. ಜೊತೆಗೆ ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲಿ, ಪಿಯುಸಿ ಸೈನ್ಸ್ ಸೇರುವ ಮಕ್ಕಳಿಗೆ ಎರಡು ವಾರ ಇಂಥ ಲೆಕ್ಕಗಳನ್ನು ಅವರ ಭಾಷೆಯಲ್ಲೇ ಮಾಡಿಸುವ ಒಂದು ತರಗತಿಯನ್ನು ಮೂರೂ ಊರುಗಳಲ್ಲಿ ನಡೆಸೋಣ. ಒಂದು ಕೋಣೆ, ಒಂದು ಹಲಗೆ, ಸಂಜೆಯ ಒಂದು ತಾಸು ಸಾಕು. ಕಲಿಸಲು ನಾನು ಬರುತ್ತೇನೆ.

ನಿಮಗೆ ಮನೆಗೆಲಸ: ಚಂದ್ರನ ವಿಮೋಚನಾ ವೇಗ ಸೆಕೆಂಡಿಗೆ 2.38 ಕಿಲೋಮೀಟರು, ಮಂಗಳನದು 5.03, ಗುರುಗ್ರಹದ್ದು 59.5. ಇವನ್ನು ಗಂಟೆಗೆ ಕಿಲೋಮೀಟರಿಗೆ ತಿರುಗಿಸಿ, ನಿಮ್ಮ ಊರಿನ ಬಸ್ಸಿಗೆ ಹೋಲಿಸಿ ಬರೆಯಿರಿ. ಉತ್ತರದ ಮುಂದೆ ಏಕಮಾನ ಬರೆಯುವುದನ್ನು ಮರೆಯಬೇಡಿ. ಮರೆತರೆ ಕರದಂಟಿನ ಅಂಗಡಿಯವರು ಕೇಳುವ ಪ್ರಶ್ನೆಯನ್ನೇ ನಾನೂ ಕೇಳುತ್ತೇನೆ.

ಅಲ್ಲಾಹನು ನಿಮ್ಮೆಲ್ಲರ ಓದಿನಲ್ಲಿ ಬರಕತ್ ನೀಡಲಿ. ವಸ್ಸಲಾಮ್.